ನಿಲಂಗಾದ ಕಡೆಗೆ ಇಳಿಜಾರು

ಚೆಂಡು ಹೊಡೆದ ಮೇಲೆ ಶಿವಲಿಂಗಪ್ಪ ಕಾಕಾ ಮೇಜಿನ ಕಡೆ ನೋಡುತ್ತಲೇ ಇರಲಿಲ್ಲ. ಬೆನ್ನು ತಿರುಗಿಸಿ ನಿಂತು ಎಲೆಗೆ ಸುಣ್ಣ ಹಚ್ಚುತ್ತಿದ್ದರು. "ಹೊಡಿಯೋದು ನನ್ನ ಕೆಲಸ, ಹೋಗೋದು ಅದರ ಕೆಲಸ," ಎನ್ನುತ್ತಿದ್ದರು. ಎಲೆ ಬಾಯಿಗೆ ಹೋಗುವಷ್ಟರಲ್ಲಿ ಚೆಂಡು ಮೂಲೆಯ ಕಿಸೆಗೆ ಬಿದ್ದ ಸದ್ದು ಕೇಳುತ್ತಿತ್ತು. ಇಂಥ ಸೊಕ್ಕನ್ನು ನಾನು ಬೇರೆ ಯಾರಲ್ಲೂ ಕಂಡಿಲ್ಲ!

ಉದಗೀರದ ಪೇಟೆಯಲ್ಲಿ ನಮ್ಮ ಬಟ್ಟೆ ಅಂಗಡಿಯ ಪಕ್ಕಕ್ಕೇ ರೈತರ ಜೋಳ ಮಾರಿಕೊಡುವ ಅವರ ಅಡತಿ ಅಂಗಡಿ. ಪೊಲೀಸ್ ಕಾರ್ಯಾಚರಣೆ ಮುಗಿದು, ನಿಜಾಮರ ಕಾಲದ ಸಾಹೇಬರು ಊರು ಬಿಟ್ಟು, ಅವರ ಕ್ಲಬ್ಬಿನ ಸಾಮಾನು ಹರಾಜಿಗೆ ಬಂತು. ತಕ್ಕಡಿ ತರಲು ಹೋದ ಕಾಕಾ ಬಿಲಿಯರ್ಡ್ಸ್ ಮೇಜು ತಂದರು. ಹಮಾಲರು ಬೈದುಕೊಳ್ಳುತ್ತ ಅದನ್ನು ಜೋಳದ ಗೋದಾಮಿನಲ್ಲಿ ಇಳಿಸಿದರು. ಹಸಿರು ಬಟ್ಟೆಯನ್ನು ಒತ್ತಿ ನೋಡಿದ ನೀಲಮ್ಮ ಕಾಕು, "ಕೆಳಗ ಕಲ್ಲದ. ಇದರ ಮ್ಯಾಲ ಯಾರ್ರೀ ಮಲಗೋರು?" ಎಂದು ಗಂಡನನ್ನು ಕೇಳಿದರಂತೆ.

ಗೋದಾಮಿನ ಮಣ್ಣಿನ ನೆಲ ಒಂದು ಕಡೆಗೆ ಇಳಿಜಾರು. ಮೇಜೂ ಹಾಗೆಯೇ ನಿಂತಿತು. ಅದರ ಆರು ಕಿಸೆಗಳಿಗೆ ಕಾಕಾ ಆರು ಊರುಗಳ ಹೆಸರಿಟ್ಟಿದ್ದರು. ತಗ್ಗಿನ ಮೂಲೆಯದು ನಿಲಂಗಾ. ಉಮರ್ಗಾಕ್ಕೆ ಗುರಿಯಿಟ್ಟು ಮೆಲ್ಲಗೆ ಹೊಡೆದರೆ ಚೆಂಡು ದಾರಿಯಲ್ಲಿ ಮನಸ್ಸು ಬದಲಿಸಿ ನಿಲಂಗಾಕ್ಕೆ ಹೋಗುತ್ತಿತ್ತು. ನಾವೆಲ್ಲ ಕಲಿತದ್ದು ಅದೇ ವಿದ್ಯೆ. ಊರು ಯಾವ ರಾಜ್ಯಕ್ಕೆ ಸೇರುತ್ತದೆ ಎಂದು ಪೇಟೆಯ ಮಂದಿ ಕಚ್ಚಾಡುವಾಗ ಕಾಕಾ, "ಊರು ಎಲ್ಲಿಗರ ಹೋಗ್ಲಿ, ಚೆಂಡು ನಿಲಂಗಾಕ್ಕೇ ಹೋಗ್ತದ," ಎಂದು ಬಾಯಿ ಮುಚ್ಚಿಸುತ್ತಿದ್ದರು.

ಒಂದು ಚಳಿಗಾಲ ಅವರಿಗೆ ಪಂದ್ಯಾವಳಿಯ ಹುಚ್ಚು ಹಿಡಿಯಿತು. ಲೋಹಾರಾದ ತನಕ ಡಂಗುರ ಸಾರಿಸಿದರು. ಹೈದರಾಬಾದಿನ ಒಬ್ಬ ನುರಿತ ಆಟಗಾರನನ್ನೂ ಕರೆಸಿದರು. ಬಹುಮಾನ ಏನು ಗೊತ್ತೇ? ಕಾಕು ತಮ್ಮ ತವರು ದೇವಣಿಯಿಂದ ತಂದು ಮಗನಂತೆ ಸಾಕಿದ್ದ ಹೋರಿ! ಕಾಕುವಿಗೆ ಮಾತ್ರ ಹೇಳಿರಲಿಲ್ಲ. "ಹೊರಗಿನವಂಗ ನಮ್ಮ ನೆಲದ ಗುಟ್ಟು ಏನ್ ತಿಳೀತದೋ? ಹೋರಿ ನಮ್ಮ ಕೊಟ್ಟಿಗಿ ದಾಟಂಗಿಲ್ಲ," ಎಂದು ನನಗೆ ಧೈರ್ಯ ಹೇಳಿದರು.

ಕಾಕುವಿಗೆ ತಿಳಿದದ್ದು ಇಷ್ಟೇ: ದೂರದ ಮಂದಿ ಬರುತ್ತಾರೆ. ಮಂದಿ ಬರುವ ಮನೆ ಅಂದಮೇಲೆ ಸಾರಿಸಬೇಡವೇ? ಕಾಕಾ ಅತಿಥಿಯನ್ನು ಕರೆತರಲು ಸ್ಟೇಷನ್ನಿಗೆ ಹೋದಾಗ ಆಕೆ ಹಮಾಲರನ್ನು ಕರೆಸಿ ಮೇಜು ಎತ್ತಿಸಿದರು. ನೆಲಕ್ಕೆ ಸಗಣಿ ಸಾರಿಸಿ, ತಗ್ಗಿನ ಕಡೆಯ ಕಾಲುಗಳ ಅಡಿಗೆ ಚಪ್ಪಟೆ ಫರಸಿ ಕಲ್ಲು ಇಡಿಸಿದರು. ಮೇಜಿನ ಮೇಲೆ ತುಂಬಿದ ತಂಬಿಗೆ ಇಟ್ಟು, ನೀರು ಸಮ ನಿಂತಿದೆಯೇ ಎಂದೂ ನೋಡಿದರು. ಕೊನೆಗೆ ರಂಗೋಲಿ ಹಾಕಿದರು.

ಆಟ ಶುರುವಾಯಿತು. ಕಾಕಾ ಮೆಲ್ಲಗೆ ಹೊಡೆದು, ಬೆನ್ನು ತಿರುಗಿಸಿ, ಎಲೆ ಮಡಚಿ ಬಾಯಿಗಿಟ್ಟರು. ಅಗಿದರು. ಸದ್ದೇ ಇಲ್ಲ. ತಿರುಗಿ ನೋಡಿದರೆ ಚೆಂಡು ನಡುದಾರಿಯಲ್ಲಿ ನಿಂತಿದೆ!

"ಯಾರ್ರೀ ಮೇಜಿಗಿ ಕೈ ಹಚ್ಚಿದವರು?"

ಕಾಕು ಬಾಗಿಲಲ್ಲಿ ನಿಂತು ಹೆಮ್ಮೆಯಿಂದ, "ನಾನೇ ರೀ. ಸೊಟ್ಟ ಇತ್ತು, ನೆಟ್ಟಗ ಮಾಡ್ಸೀನಿ. ಬಂದವರು ಏನಂದಾರು?" ಎಂದರು.

ಊರಿನವರೆಲ್ಲ ಮಣ್ಣು ಮುಕ್ಕಿದೆವು. ಗೆದ್ದ ಹೈದರಾಬಾದಿನವನ ಕೈಗೆ ಹಗ್ಗ ಬಂದಾಗ ಕಾಕು, "ಅಯ್ಯ, ನನ್ನ ಕೂಸು!" ಎಂದು ಹೋರಿಯ ಕೊರಳಿಗೆ ಬಿದ್ದರು. ಗೆದ್ದ ಬಡಪಾಯಿಯೂ, "ಅಜೀ, ಬೈಲ್ ಕೂ ರೇಲ್ ಮೇ ಕೈಸೆ ಲೇಕೆ ಜಾವೂಂ?" ಎಂದು ಗೋಗರೆದ. ರೈಲಿನಲ್ಲಿ ಹೋರಿಯನ್ನು ಒಯ್ಯುವುದಾದರೂ ಹೇಗೆ? ಕಾಕಾ ಜಗ್ಗಲಿಲ್ಲ. "ಇನಾಮ ಅಂದ್ರ ಇನಾಮ," ಎಂದು ಅವನನ್ನೂ ಹೋರಿಯನ್ನೂ ಸ್ಟೇಷನ್ನಿಗೆ ಕಳಿಸಿದರು. ಬೆಳಗಾದರೆ ಹೋರಿ ತನ್ನ ಗೂಟದ ಹತ್ತಿರ ನಿಂತು ಮೆಲುಕು ಹಾಕುತ್ತಿತ್ತು. ಆತ ಹಗ್ಗ ಬಿಟ್ಟು ರೈಲು ಹತ್ತಿದ್ದ, ಪುಣ್ಯಾತ್ಮ.

ಹೋರಿ ಬಂತು, ಇಳಿಜಾರು ಬರಲಿಲ್ಲ. ಕಲ್ಲು ತೆಗೆಸಲು ಹೋದ ಕಾಕಾರಿಗೆ ಕಾಕು ಅಡ್ಡ ನಿಂತರು. "ಅದು ನೆಟ್ಟಗ ಇರ್ಲಿ. ನೀವೂ ನೆಟ್ಟಗ ಇರ್ರಿ." ಕಾಕಾ ಹಮಾಲರನ್ನು ವಾಪಸ್ಸು ಕಳಿಸಿದರು. ತಪ್ಪು ಯಾರದೆಂದು ಅವರಿಗೂ ಗೊತ್ತಿತ್ತು. ಆಮೇಲೆ ಅವರು ಒಂದು ಆಟವನ್ನೂ ಗೆಲ್ಲಲಿಲ್ಲ. ಆದರೂ ದಿನಾ ಸಂಜೆ ಹೊಡೆದು, ಬೆನ್ನು ತಿರುಗಿಸಿ, ಸದ್ದಿಗಾಗಿ ಕಾಯುತ್ತಿದ್ದರು.

ಉದಗೀರ ಮಹಾರಾಷ್ಟ್ರದ್ದಾದ ವರ್ಷವೇ ಕಾಕಾ ಲಿಂಗೈಕ್ಯರಾದರು. ಮಾತಾಡಿಸಿ ಬರೋಣವೆಂದು ಹೋದರೆ ಕಾಕು ನನ್ನನ್ನು ಗೋದಾಮಿಗೆ ಕರೆದೊಯ್ದರು. ಮೇಜಿನ ಕಾಲಡಿ ಫರಸಿ ಕಲ್ಲು ಇರಲಿಲ್ಲ.

"ನಾನೇ ತೆಗಿಸೀನಿ. ಅವರು ಇದ್ದಾಗೇ ತೆಗಿಸಬೇಕಿತ್ತು, ಸುಡ್ಲಿ ನನ್ನ ಹಟ," ಎಂದರು. "ಒಂದು ಹೊಡಿಯಪ್ಪ."

ಉಮರ್ಗಾಕ್ಕೆ ಗುರಿಯಿಟ್ಟು ಮೆಲ್ಲಗೆ ಹೊಡೆದೆ. ಕಾಕು ನೋಡಲಿಲ್ಲ. ಬೆನ್ನು ತಿರುಗಿಸಿ ನಿಂತು, ಸೆರಗು ಬಾಯಿಗೆ ಒತ್ತಿಕೊಂಡು, ಸದ್ದಿಗಾಗಿ ಕಾದರು.

"ಬಿತ್ತೇನೋ?"

"ಬಿತ್ತು ಕಾಕು. ನಿಲಂಗಾಕ್ಕೇ ಬಿತ್ತು."