ಸೌಲೇಮಾ ಮಾವನ ಮಾತಿಗೆ ಅಡ್ಡ ಬಂದ ಯಂತ್ರ

ಪೆಲೆನಾಟೆಗೆ ಒಂದು ಕೆಟ್ಟ ಚಾಳಿ. ಮನಸ್ಸಿಗೆ ಬಂದದ್ದನ್ನು ಬಸ್ಸಿನಲ್ಲೇ ಬೊಗಳಿಬಿಡುವುದು. ದ್ವೀಪದ ರಾಜಧಾನಿ ಅಪಿಯಾದ ಕಾಲೇಜಿನಿಂದ ಊರಿಗೆ ಹೋಗುವ ಮರದ ಬಸ್ಸಿನಲ್ಲಿ ಅವತ್ತು ಸೀಟುಗಳೆಲ್ಲ ತುಂಬಿದ್ದವು. ಸೀಟು ತುಂಬಿದರೆ ತೊಡೆಗಳಿರುತ್ತವಲ್ಲ, ಚಿಕ್ಕಮ್ಮ ಸಿಯೆನಿಯ ತೊಡೆಯ ಮೇಲೆ ಕುಳಿತಿದ್ದಳು. ಅಲ್ಲಿಂದಲೇ ಘೋಷಣೆಯಾಯಿತು.

"ಚಿಕ್ಕಮ್ಮ, ನಾನೇ ಒಂದು ಆಪರೇಟಿಂಗ್ ಸಿಸ್ಟಮ್ ಕಟ್ತೀನಿ."

"ಮೊದ್ಲು ನೆಟ್ಟಗೆ ಕೂತ್ಕೊ, ಕಾಲು ಜೋಮು ಹಿಡೀತಿದೆ. ಏನೇ ಅದು?"

"ಕಂಪ್ಯೂಟರಿನ ಒಳಗಿನ ಯಜಮಾನಿಕೆ. ಯಾವ ಪ್ರೋಗ್ರಾಂ ಏಳ್ಬೇಕು, ಯಾವುದು ಬಾಯ್ಮುಚ್ಕೊಂಡಿರ್ಬೇಕು ಅಂತ ಹೇಳೋದು."

"ಹಾಗಂದ್ರೆ ನಮ್ಮ ಸೌಲೇಮಾ ಅಣ್ಣ ಅನ್ನು," ಎಂದಳು ಸಿಯೆನಿ. ಬಸ್ಸಿಗೆ ಬಸ್ಸೇ ನಕ್ಕಿತು.

ಸೌಲೇಮಾ ಎಂದರೆ ಪೆಲೆನಾಟೆಯ ಸೋದರಮಾವ, ಮನೆತನದ ಯಜಮಾನ, ಊರ ಸಭೆಯಲ್ಲಿ ಎಲ್ಲರ ಪರವಾಗಿ ಮಾತಾಡುವ ಮಾತುಗಾರ. ನಾರಿನ ಚೌರಿಯನ್ನು ಹೆಗಲ ಮೇಲೆ ಹಾಕಿಕೊಂಡು ಅವರು ಎದ್ದು ನಿಂತರೆಂದರೆ ಒಲೆಯಲ್ಲಿದ್ದ ಹಂದಿ ಬೆಂದು, ಆರಿ, ನೊಣಗಳ ಪಾಲಾದರೂ ಮಾತು ನಿಲ್ಲುತ್ತಿರಲಿಲ್ಲ. ಯಾರೂ ಅಡ್ಡಬಾಯಿ ಹಾಕುವಂತಿಲ್ಲ. ಒಮ್ಮೆ ಪಾದ್ರಿಗಳೇ ಕೆಮ್ಮಿದ್ದಕ್ಕೆ ಮಾವ ಅವರನ್ನು ಆ ವಾರವೆಲ್ಲ ಮಾತಾಡಿಸಲಿಲ್ಲ.

ಸುದ್ದಿ ಬಸ್ಸಿಗಿಂತ ಮುಂಚೆ ಮಾವನ ಕಿವಿ ಮುಟ್ಟಿತ್ತು.

"ಕಟ್ಟು," ಎಂದರು ಮಾವ. "ಬಿಳಿ ಭಾನುವಾರದ ಮಕ್ಕಳ ಹಬ್ಬಕ್ಕೆ ಹಿಂದಿನ ದಿನ ಮನೆಮಂದಿಯೆಲ್ಲ ಸೇರ್ತೀವಿ. ಅವತ್ತು ತಂದು ತೋರ್ಸು. ನನಗೆ ಸರಿ ಕಂಡ್ರೆ ಓದು. ಇಲ್ದಿದ್ರೆ ಕಾಲೇಜು ಬಿಟ್ಟು ಸಿಯೆನಿ ಅಂಗಡೀಲಿ ಹೊಲಿಗೆ ಮಷೀನು ತುಳಿ. ಅದೂ ಯಂತ್ರಾನೇ."

ಪೆಲೆನಾಟೆ ನಕ್ಕಳೇನೋ ನಿಜ, ಆದರೆ ಅವತ್ತಿನಿಂದಲೇ ದಿನ ಎಣಿಸತೊಡಗಿದಳು. ಮಾವ ತಮಾಷೆಗೆ ಏನನ್ನೂ ಹೇಳುವವರಲ್ಲ.

ಆಕ್ಲೆಂಡಿನ ನೆಂಟರು ಬಿಟ್ಟುಹೋಗಿದ್ದ ಹಳೇ ಕಂಪ್ಯೂಟರೊಂದು ಕೋಳಿಗೂಡಿನ ಮಾಡಿನ ಕೆಳಗಿತ್ತು. ಅದರೊಳಗಿನ ಗೆದ್ದಲು ಕೊಡವಿ, ಹಳೆಯದನ್ನೆಲ್ಲ ಅಳಿಸಿ, ಪೆಲೆನಾಟೆ ಕೆಲಸಕ್ಕೆ ಕುಳಿತಳು. ಇಂಥ ಯಂತ್ರ ಎದ್ದ ಕೂಡಲೇ ಡಿಸ್ಕಿನ ತಲೆಬಾಗಿಲಲ್ಲಿ "ಏನು ಮಾಡಲಿ?" ಎಂದು ಹುಡುಕುತ್ತದೆ. ಅಲ್ಲಿ ಒಂದು ಪುಟಾಣಿ ಅಪ್ಪಣೆ ಬರೆದಿಟ್ಟರೆ ಆಯಿತು, ಅದೇ ಬೀಜ. ಅವಳ ಮೊದಲ ಅಪ್ಪಣೆ ಒಂದೇ ಒಂದು ಅಕ್ಷರವನ್ನು ಪರದೆಯ ಮೇಲೆ ಮೂಡಿಸುವುದು. ಎಷ್ಟೋ ದಿನ ಕಪ್ಪು ಪರದೆಯನ್ನೇ ನೋಡಿ ನೋಡಿ, ಕೊನೆಗೊಂದು ಬೆಳಿಗ್ಗೆ ಅವಳ ಹೆಸರಿನ ಮೊದಲ ಅಕ್ಷರ ಎದ್ದು ನಿಂತಾಗ ಅವಳು ಕಿರುಚಿದ್ದಕ್ಕೆ ಕೋಳಿಗಳು ಮೊಟ್ಟೆ ಬಿಟ್ಟು ಎದ್ದೋಡಿದವು.

ಸಿಯೆನಿ ಓಡಿಬಂದು ನೋಡಿದಳು. "ಇಷ್ಟೇನಾ? ಇದನ್ನ ನಾನು ಸೀಮೆಸುಣ್ಣದಲ್ಲಿ ಬರೀತಿದ್ದೆ ಕಣೇ."

ಆಮೇಲೆ ಕೀಬೋರ್ಡಿಗೆ ಕಿವಿ ಕೊಡುವುದನ್ನು ಕಲಿಸಿದಳು. ಆಮೇಲೆ ಮೂರು ಪ್ರೋಗ್ರಾಂಗಳು. ಒಂದು ಗಡಿಯಾರ. ಒಂದು, ಒತ್ತಿದ ಅಕ್ಷರ ಬರೆಯುವುದು. ಮೂರನೆಯದು ಮಾವನಿಗೆ ಬೆಣ್ಣೆ ಹಚ್ಚಲೆಂದೇ ಬರೆದದ್ದು: ಮನೆತನದ ಹಿರಿಯರ ಹೆಸರುಗಳನ್ನು ಮೊದಲಿಂದ ಒಂದೊಂದಾಗಿ ತೋರಿಸುತ್ತ ಹೋಗುವುದು, ಮುಗಿದರೆ ಮತ್ತೆ ಮೊದಲಿಂದ. ಚಾಲೂ ಮಾಡಿದಳು. ಹಿರಿಯರು ಬಂದರು, ಬರುತ್ತಲೇ ಇದ್ದರು. ಗಡಿಯಾರ ನಿಂತುಹೋಯಿತು. ಕೀಬೋರ್ಡನ್ನು ಗುದ್ದಿದರೂ ಉತ್ತರವಿಲ್ಲ.

ಕಂಪ್ಯೂಟರಿನ ಪೆಟ್ಟಿಗೆಯನ್ನು ಬಸ್ಸಿನಲ್ಲಿ ಹೊತ್ತು ಕಾಲೇಜಿನ ಮೇಷ್ಟ್ರು ಇಯೋಸೆಫೋ ಬಳಿ ಹೋದಳು. ಅವರು ಬರೆದದ್ದನ್ನೆಲ್ಲ ಓದಿ ಕನ್ನಡಕ ತೆಗೆದರು.

"ಒಂದು ಪ್ರೋಗ್ರಾಂ ತಾನಾಗೇ 'ಸಾಕು' ಅನ್ನೋವರೆಗೂ ಇನ್ನೊಂದಕ್ಕೆ ಸರದೀನೇ ಇಲ್ವಲ್ಲಮ್ಮ. ಮಧ್ಯೆ ತಡೀಬೇಕು ಅಂತ ಅನ್ನಿಸ್ಲಿಲ್ವಾ?"

"ಹಿರಿಯರು ಮಾತಾಡ್ತಿರುವಾಗ ಮಧ್ಯೆ ಬಾಯಿ ಹಾಕೋದಾ ಸರ್?"

ಮೇಷ್ಟ್ರು ಬಿದ್ದು ಬಿದ್ದು ನಕ್ಕರು. ಅವರೂ ಅದೇ ದ್ವೀಪದವರೇ, ಅವರಿಗೂ ಒಬ್ಬ ಮಾವ ಇದ್ದ. "ಯಂತ್ರದಲ್ಲಿ ಟಕ್ ಟಕ್ ಅಂತ ಬಡಿಯೋ ಒಂದು ಚಿಪ್ ಇದೆ. ಪ್ರತಿ ಬಡಿತಕ್ಕೂ ಓಡ್ತಿರೋ ಪ್ರೋಗ್ರಾಂನ ತಡೆದು ಮುಂದಿನದಕ್ಕೆ ಸರದಿ ಕೊಡು. ಸಂಜೆ ಪ್ರಾರ್ಥನೆಗೆ ನಮ್ಮೂರಲ್ಲಿ ಖಾಲಿ ಗ್ಯಾಸ್ ಸಿಲಿಂಡರನ್ನ ಗಂಟೆ ಥರ ಬಡೀತಾರಲ್ಲ, ಆಗ ಯಜಮಾನರಾದ್ರೂ ಮಾತು ನಿಲ್ಲಿಸ್ತಾರೋ ಇಲ್ವೋ?"

ನಿಲ್ಲಿಸುತ್ತಾರೆ. ಸೌಲೇಮಾ ಮಾವ ಕೂಡ ಬಾಯಿ ಅರ್ಧ ತೆರೆದಿದ್ದಂತೆಯೇ ಪ್ರಾರ್ಥನೆಗೆ ಒಳಗೆ ಹೋಗುತ್ತಾರೆ. ಪೆಲೆನಾಟೆ ಹಣೆ ಚಚ್ಚಿಕೊಂಡಳು. ಬಡಿತವನ್ನು ಹಿಡಿದಳು. ಆದರೆ ತಡೆದ ಹಿರಿಯರು ಮತ್ತೆ ಬಂದಾಗ ಮೊದಲಿನಿಂದಲೇ ಶುರುವಿಟ್ಟುಕೊಂಡರು. ಕೊನೆಗೆ, ತಡೆಯುವ ಮುನ್ನ ಪ್ರತಿ ಪ್ರೋಗ್ರಾಂ ಎಲ್ಲಿದೆ, ಕೈಯಲ್ಲಿ ಏನು ಹಿಡಿದಿದೆ ಎಂಬುದನ್ನೆಲ್ಲ ಜೋಪಾನವಾಗಿ ತೆಗೆದಿಟ್ಟು, ಸರದಿ ಬಂದಾಗ ಹಾಗೇ ಹಿಂತಿರುಗಿಸುವುದನ್ನೂ ಬರೆದಳು.

ಆ ಶನಿವಾರ ಮಧ್ಯಾಹ್ನ ಗೋಡೆಯಿಲ್ಲದ ದೊಡ್ಡ ಮನೆಯಲ್ಲಿ ಎಲ್ಲರೂ ಕಂಬಗಳಿಗೆ ಒರಗಿ ಕುಳಿತರು. ನಡುವೆ ಚಾಪೆಯ ಮೇಲೆ ಯಂತ್ರ. ಹಿರಿಯರ ಹೆಸರುಗಳು ಏರತೊಡಗಿದವು, ಮೂಲೆಯಲ್ಲಿ ಗಡಿಯಾರ ಓಡಿತು, ಸಿಯೆನಿ ಒತ್ತಿದ ಅಕ್ಷರವೆಲ್ಲ ಕೆಳಗೆ ಮೂಡಿತು.

ಮಾವನ ಮುಖ ಕೆಂಪಾಯಿತು. "ನಮ್ಮಜ್ಜನ ಹೆಸರಿನ ಮಧ್ಯೆ ಈ ಗಡಿಯಾರ ಯಾಕೆ ಬಾಯಿ ಹಾಕ್ತಿದೆ?"

"ಅಜ್ಜಂಗೇನೂ ಆಗ್ಲಿಲ್ಲ ಮಾವ. ನೋಡಿ, ನಿಂತ ಕಡೆಯಿಂದಾನೇ ಮುಂದುವರಿಸ್ತಾರೆ. ಒಂದು ಹೆಸರೂ ತಪ್ಪಲ್ಲ."

ಮಾವ ಪರದೆಯ ಹತ್ತಿರ ಸರಿದರು. ಬಹಳ ಹೊತ್ತು ನೋಡಿದರು. ಆಮೇಲೆ ಅವಳಿಗೊಬ್ಬಳಿಗೇ ಕೇಳುವಷ್ಟು ಮೆಲ್ಲಗೆ ಕೇಳಿದರು: "ತಡೆದ ಮೇಲೂ... ಎಲ್ಲಿದ್ದೆ ಅಂತ ಅದಕ್ಕೆ ನೆನಪಿರುತ್ತಾ?"

ಆ ದನಿ ಪೆಲೆನಾಟೆಗೆ ಹೊಸದು. ಮಾವ ಯಾರನ್ನೂ ಅಡ್ಡ ಮಾತಾಡಲು ಬಿಡದಿದ್ದದ್ದು ಜಂಬಕ್ಕಲ್ಲ, ಎಲ್ಲಿದ್ದೆ ಎಂಬುದೇ ಮರೆತುಹೋದೀತೆಂಬ ಹೆದರಿಕೆಗೆ ಎಂದು ಅವಳಿಗೆ ಆಗ ಹೊಳೆಯಿತು. ಅವಳಿಗೆ ಅಳು ಬಂತು. "ಅದಕ್ಕೆ ನೆನಪಿರಲ್ಲ ಮಾವ. ನಾನು ತೆಗೆದಿಡ್ತೀನಿ," ಎಂದಳು.

ಮಾವ ಹಿಂದಕ್ಕೆ ಹೋಗಿ, ಚೌರಿ ಹೆಗಲಿಗೇರಿಸಿ, ತೀರ್ಪು ಹೇಳಲು ಎದ್ದರು. ಸಮುದ್ರದಿಂದ ಶುರುವಾಯಿತು. ದೋಣಿ ಬಂತು, ಮುತ್ತಾತ ಬಂದ, ಚಂಡಮಾರುತ ಬಂತು. ಹುಡುಗಿಯ ವಿಷಯ ಮಾತ್ರ ಬರಲೊಲ್ಲದು. ಪೆಲೆನಾಟೆ ಉಗುರು ಕಚ್ಚುತ್ತ ಕುಳಿತಳು. ಅಂತೂ ಮಾವ ಅವಳ ಕಡೆ ಕೈ ತೋರಿಸಿ, "ಈಗ ಈ ಹುಡುಗಿ ವಿಚಾರಕ್ಕೆ ಬಂದರೆ..." ಎನ್ನುವುದಕ್ಕೂ, ಅಡುಗೆಮನೆಯಿಂದ ಸಿಯೆನಿ "ಪಾಲುಸಾಮಿ ಸೊಪ್ಪು ತಣ್ಣಗಾಗ್ತಿದೆ ಅಣ್ಣಾ!" ಎಂದು ಕೂಗುವುದಕ್ಕೂ ಸರಿಹೋಯಿತು.

ಮಾವನ ಮಾತು ನಿಂತಿತು. ಬಾಯಿ ತೆರೆದರು. ಏನೂ ಬರಲಿಲ್ಲ. ಕಂಬಗಳ ಬಳಿ ಕುಳಿತವರು ನೆಲ ನೋಡಿದರು. ಇಂಥದ್ದು ಆ ಮನೆಯಲ್ಲಿ ಎಂದೂ ಆಗಿರಲಿಲ್ಲ.

ಪೆಲೆನಾಟೆ ಮೊಣಕಾಲಲ್ಲೇ ತೆವಳಿ ಅವರ ಹಿಂದೆ ಬಂದಳು. "ದೋಣಿ, ಮುತ್ತಾತ, ಚಂಡಮಾರುತ ಆಯ್ತು ಮಾವ," ಎಂದು ಪಿಸುಗುಟ್ಟಿದಳು. "'ಈಗ ಈ ಹುಡುಗಿ ವಿಚಾರಕ್ಕೆ ಬಂದರೆ, ಅವಳು ಓದು ಮುಗಿಸಲಿ' ಅನ್ನೋ ಹತ್ರ ನಿಲ್ಲಿಸಿದ್ರಿ."

ಮಾವ ಕುತ್ತಿಗೆ ತಿರುಗಿಸಿ ಅವಳನ್ನೇ ದಿಟ್ಟಿಸಿದರು.

"ಕಳ್ಳಿ. ಅಷ್ಟು ದೂರ ನಾನು ಹೋಗಿರ್ಲಿಲ್ಲ," ಎಂದು ಹಲ್ಲು ಬಿಗಿಹಿಡಿದೇ ಹೇಳಿದರು.

ಆಮೇಲೆ ಮನೆಮಂದಿಯ ಕಡೆ ತಿರುಗಿ, ಗಂಟಲು ಸರಿಮಾಡಿಕೊಂಡು, ಅವಳು ಹೇಳಿಕೊಟ್ಟ ಕಡೆಯಿಂದಲೇ ಮುಂದುವರಿಸಿದರು.