ಜಾವಾ ಸೊಣ್ಣಪ್ಪನ ಉಡಿದಾರದ ಪಿನ್ನು

ಮುಳಬಾಗಿಲಿನಿಂದ ಬೆಳಗ್ಗೆ ಏಳು ಗಂಟೆಗೆ ಹೊರಡುವ ಬಸ್ಸು ಏಳು ಗಂಟೆಗೆ ಹೊರಟಿದ್ದನ್ನು ಕಂಡವರು ಊರಿನಲ್ಲಿ ಯಾರೂ ಇರಲಿಲ್ಲ. ಯುದ್ಧ ಕಾರಣ ಎಂದು ಬಸ್ಸಿನ ಯಜಮಾನರು ಹೇಳುತ್ತಿದ್ದರು. ಅದೂ ಸುಳ್ಳಲ್ಲ. ಪೆಟ್ರೋಲು ಸಿಗದೆ ಬಸ್ಸಿನ ಬೆನ್ನಿಗೆ ಇದ್ದಿಲಿನ ಒಲೆ ಕಟ್ಟಿ, ಅದರ ಗ್ಯಾಸಿನಿಂದ ಕೆಮ್ಮಿಸಿಕೊಂಡು ಓಡಿಸುತ್ತಿದ್ದ ಕಾಲ ಅದು. ಆದರೆ ನಿಜವಾದ ಕಾರಣ ಸೊಣ್ಣಪ್ಪ ಎಂಬುದು ಟಿಕೆಟು ಕೊಂಡವರಿಗೆಲ್ಲ ಗೊತ್ತಿತ್ತು.

ಸೊಣ್ಣಪ್ಪ ಹೋಳೂರಿನವನು. ಚಿನ್ನದ ಗಣಿಯ ವರ್ಕ್‌ಶಾಪಿನಲ್ಲಿ ಫಿಟ್ಟರಾಗಿದ್ದವನನ್ನು ಅಲ್ಲಿನ ದೊರೆಯೊಬ್ಬ ಮೂವತ್ತನೇ ಇಸವಿಯಲ್ಲಿ ಹಡಗು ಹತ್ತಿಸಿ ಜಾವಾಕ್ಕೆ ಕರೆದುಕೊಂಡು ಹೋಗಿದ್ದ. ಅಲ್ಲಿ ಬಟೇವಿಯಾ ಎಂಬ ಊರಿನಲ್ಲಿ, ಡಚ್ಚರ ವಿಮಾನ ಕಂಪನಿಯೊಂದರ ಕೊಟ್ಟಿಗೆಯಲ್ಲಿ, ಹನ್ನೆರಡು ವರ್ಷ ವಿಮಾನದ ನಟ್ಟು ಬೋಲ್ಟು ತಿರುವಿದ. ಕೊನೆಕೊನೆಗೆ ಅವನು ರುಜು ಹಾಕಿದ ಮೇಲೆಯೇ ವಿಮಾನ ನೆಲ ಬಿಡಬೇಕು ಎಂಬಷ್ಟು ದೊಡ್ಡವನಾದ. ಜಪಾನಿನವರು ಬರುತ್ತಾರೆಂದು ಸುದ್ದಿ ಎದ್ದಾಗ ಸಿಕ್ಕಿದ ಹಡಗು ಹಿಡಿದು ಊರಿಗೆ ಬಂದ. ತಂದದ್ದು ಒಂದು ಟ್ರಂಕು, ಒಂದು ಸ್ಪ್ಯಾನರ್ ಚೀಲ, ಮತ್ತೆ ಉಡಿದಾರಕ್ಕೆ ಕಟ್ಟಿಕೊಂಡಿದ್ದ ಒಂದು ಪುಟ್ಟ ಬಟ್ಟೆಯ ಗಂಟು. ಅದು ಜಾವಾದ ಫಕೀರನೊಬ್ಬ ಕೊಟ್ಟ ತಾಯತ ಎಂದು ಹೆಂಡತಿ ಆಂಜಿನಮ್ಮ ಬೀದಿಯವರಿಗೆಲ್ಲ ಹೇಳಿಕೊಂಡು ಬಂದಿದ್ದಳು. ಎಣ್ಣೆ ಸ್ನಾನದ ದಿನವೂ ಅವನು ಅದನ್ನು ಬಿಚ್ಚುತ್ತಿರಲಿಲ್ಲ. ಅವಳ ಮಾತನ್ನು ಅವನು ಹೌದೆಂದೂ ಅನ್ನಲಿಲ್ಲ, ಅಲ್ಲವೆಂದೂ ಅನ್ನಲಿಲ್ಲ.

ಮುಳಬಾಗಿಲಿನಲ್ಲಿ ವಿಮಾನ ಎಲ್ಲಿಂದ ಬರಬೇಕು? ಯಜಮಾನರು ತಮ್ಮ ಒಂದೇ ಒಂದು ಬಸ್ಸನ್ನು ನೋಡಿಕೊಳ್ಳಲು ಅವನನ್ನು ಇಟ್ಟುಕೊಂಡರು. ಇಟ್ಟುಕೊಂಡ ಎಂಟೇ ದಿನಕ್ಕೆ ತಲೆ ಚಚ್ಚಿಕೊಂಡರು. ಸೊಣ್ಣಪ್ಪ ಬಸ್ಸಿಗೆ ದಿನವೂ ಮೂರು ಸುತ್ತು ಬರುತ್ತಿದ್ದ. ಮೊದಲನೇ ಸುತ್ತು ಕಣ್ಣಿನಿಂದ ನೋಡುವುದಕ್ಕೆ, ಎರಡನೆಯದು ಕೈಯಿಂದ ಮುಟ್ಟುವುದಕ್ಕೆ, ಮೂರನೆಯದು ಪುಸ್ತಕದಲ್ಲಿ ಬರೆಯುವುದಕ್ಕೆ. ಆ ಪುಸ್ತಕದಲ್ಲಿ ವಿಮಾನದ ತಪಾಸಣೆಯ ಪಟ್ಟಿಯನ್ನು ಇದ್ದ ಹಾಗೇ ಇಳಿಸಿಕೊಂಡಿದ್ದ. ಹಾಗಾಗಿ ದಿನವೂ ‘ಎಡ ರೆಕ್ಕೆ’ ಎಂಬಲ್ಲಿಗೆ ಬಂದಾಗ ತಲೆಯೆತ್ತಿ ಬಸ್ಸಿನ ಎಡಗಡೆ ನೋಡಿ ‘ಇಲ್ಲ’ ಎಂದು ಬರೆಯುತ್ತಿದ್ದ. ಬಲ ರೆಕ್ಕೆಗೂ ಹಾಗೆಯೇ. ಬಾಲಕ್ಕೂ ಹಾಗೆಯೇ.

“ಇಲ್ದಿರೋ ರೆಕ್ಕೆನ ದಿನಾ ಯಾಕಪ್ಪ ನೋಡ್ತೀಯ?” ಎಂದು ಯಜಮಾನರು ಒಂದು ದಿನ ಕೇಳಿದರು.

“ಇದೊಂದನ್ನ ನೋಡ್ದೆ ಬರೆದ್ರೆ, ನಾಳೆ ಬ್ರೇಕನ್ನೂ ನೋಡ್ದೆ ಬರೀತೀನಿ ಸ್ವಾಮಿ” ಎಂದ ಸೊಣ್ಣಪ್ಪ.

ಒಮ್ಮೆ ಬೆಲ್ಲದ ಮಂಡಿಯಿಂದ ತಕ್ಕಡಿ ತರಿಸಿ ಜನರನ್ನು ತೂಗಿ ಹತ್ತಿಸಲು ಹೊರಟಿದ್ದೂ ಉಂಟು. ಬಟೇವಿಯಾದಲ್ಲಿ ದೊರೆಸಾನಿಯರನ್ನೂ ತೂಗಿಯೇ ಹತ್ತಿಸುತ್ತಿದ್ದರಂತೆ. ಹೂವು ಮಾರುವ ಚಿಕ್ಕಗಂಗಮ್ಮ, ಎಪ್ಪತ್ತು ದಾಟಿದ ಮುದುಕಿ, “ನನ್ನನ್ನ ತೂಗೋಕೆ ನಾನೇನು ಹುಣಸೆಹಣ್ಣೇನ್ಲಾ?” ಎಂದು ತಕ್ಕಡಿಯ ತಟ್ಟೆಯನ್ನು ಕಾಲಿನಿಂದ ಒದ್ದಳು. ತೂಕದ ಕಾನೂನು ಅಲ್ಲಿಗೆ ಮುಗಿಯಿತು.

ಆದರೆ ಸೊಣ್ಣಪ್ಪನ ಮೂರು ಸುತ್ತಿಗೆ ಅದೇ ಚಿಕ್ಕಗಂಗಮ್ಮ ಒಂದು ಅರ್ಥ ಕೊಟ್ಟಳು. ಅವನು ಬಸ್ಸನ್ನು ಬಲಕ್ಕಿಟ್ಟುಕೊಂಡು, ತುಟಿಯಲ್ಲೇ ಏನೋ ಮಣಮಣಿಸುತ್ತ, ಚಕ್ರಗಳನ್ನು ಮುಟ್ಟಿ ಮುಟ್ಟಿ ಸುತ್ತುತ್ತಾನೆ. ಮೂರು ಸುತ್ತು ಆದ ಮೇಲೆಯೇ ಬಸ್ಸು ಹೊರಡುತ್ತದೆ. ಪ್ರದಕ್ಷಿಣೆ ಎಂದರೆ ಇನ್ನೇನು? ಒಂದು ದಿನ ಅವಳೂ ಅವನ ಹಿಂದೆ ಕೈಮುಗಿದು ಸುತ್ತಿದಳು. ಮರುವಾರ ಹತ್ತು ಜನ ಸುತ್ತಿದರು. ಟೈರಿಗೆ ಕುಂಕುಮ ಬಿತ್ತು, ಇದ್ದಿಲೊಲೆಗೆ ಸಾಂಬ್ರಾಣಿ ಬಿತ್ತು. “ಇದು ಇನ್‌ಸ್ಪೆಕ್ಷನ್ನು, ಪೂಜೆ ಅಲ್ಲ” ಎಂದು ಸೊಣ್ಣಪ್ಪ ಗಂಟಲು ಹರಿದುಕೊಂಡ. ಜಾವಾದಲ್ಲಿ ಪ್ರದಕ್ಷಿಣೆಗೆ ಇನ್‌ಸ್ಪೆಕ್ಷನ್ನು ಅಂತಾರಂತೆ ಎಂದು ಜನ ತಿಳಿದುಕೊಂಡರು.

ಹೀಗೆ ಅವನ ಹೆಸರು ಶ್ರೀನಿವಾಸಪುರದವರೆಗೂ ಹೋಯಿತು. ಅಲ್ಲಿ ರಾಮಚಂದ್ರಪ್ಪ ಎಂಬ ಮಾವಿನ ತೋಟದ ಯಜಮಾನ, ಮಾತು ಕಡಿಮೆ, ಮೀಸೆ ಜಾಸ್ತಿ, ತನ್ನ ಮಗನಿಗೆ ಸೊಣ್ಣಪ್ಪನ ಮಗಳು ಭಾರತಮ್ಮನನ್ನು ಕೇಳಿಕೊಂಡು ಬಂದ. “ವಿಮಾನಕ್ಕೆ ರುಜು ಹಾಕಿರೋ ಕೈ. ಒಂದು ದಿನಾನೂ ತಪ್ಪು ಮಾಡಿಲ್ವಂತೆ. ಅಂಥೋರ ಮನೆ ಹೆಣ್ಣು ಬೇಕು” ಎಂದ. ಆ ಮಾತು ಕೇಳಿ ಸೊಣ್ಣಪ್ಪನ ಕೈ ಸುಮ್ಮನೆ ಉಡಿದಾರದ ಗಂಟಿನ ಮೇಲೆ ಹೋಯಿತು. ಬಾಯಿ ತೆರೆದ. ಆಂಜಿನಮ್ಮ ಅಷ್ಟರಲ್ಲಿ ತಾಂಬೂಲದ ತಟ್ಟೆ ತಂದಿಟ್ಟಳು. ಅವನು ಬಾಯಿ ಮುಚ್ಚಿಕೊಂಡ.

ನಲವತ್ತಮೂರನೇ ಇಸವಿಯ ವೈಶಾಖದಲ್ಲಿ ಮದುವೆ. ಗುರುವಾರ ಬೆಳಗ್ಗೆ ಶ್ರೀನಿವಾಸಪುರದಲ್ಲಿ ಧಾರೆ, ಬುಧವಾರವೇ ಹೆಣ್ಣು ಹೊರಡಬೇಕು. ಕರೆದುಕೊಂಡು ಹೋಗಲು ರಾಮಚಂದ್ರಪ್ಪನೇ ನೆಂಟರೊಂದಿಗೆ ಬಂದಿದ್ದ. ಯಜಮಾನರು ಬಸ್ಸನ್ನು ಪುಕ್ಕಟೆಯಾಗಿ ಬಿಟ್ಟುಕೊಟ್ಟಿದ್ದರು. ಮಧ್ಯಾಹ್ನ ಹನ್ನೆರಡಕ್ಕೆ ರಾಹುಕಾಲ. ಅದರೊಳಗೆ ಬಸ್ಸು ಊರು ಬಿಡಬೇಕು. ರಾಹುಕಾಲದಲ್ಲಿ ಊರು ಬಿಟ್ಟ ಹೆಣ್ಣನ್ನು ತನ್ನ ಮನೆ ತುಂಬಿಸಿಕೊಳ್ಳುವುದಿಲ್ಲವೆಂದು ರಾಮಚಂದ್ರಪ್ಪ ಮೊದಲೇ ಹೇಳಿದ್ದ. ಹನ್ನೊಂದೂಕಾಲಿಗೆ ಬುತ್ತಿ, ಚಾಪೆ, ಹಪ್ಪಳದ ಡಬ್ಬ, ಅಳುವ ಮಕ್ಕಳು, ಎಲ್ಲವೂ ಬಸ್ಸಿನೊಳಗೆ ಸೇರಿದ್ದವು. ಭಾರತಮ್ಮ ಮೊದಲನೇ ಸೀಟಿನಲ್ಲಿ ತಲೆ ತಗ್ಗಿಸಿ ಕೂತಿದ್ದಳು.

ಚಪ್ಪರದ ಕೆಲಸಕ್ಕೆಂದು ಸೊಣ್ಣಪ್ಪ ಎರಡು ದಿನ ರಜ ಹಾಕಿದ್ದ. ಆ ಎರಡು ದಿನ ಪುಸ್ತಕದಲ್ಲಿ ಯಜಮಾನರೇ ರುಜು ಹಾಕಿದ್ದರು, ಪಟ್ಟಿಯ ಮೂವತ್ತೊಂದು ಕಲಮಿಗೂ ಸೇರಿಸಿ ಒಂದೇ ರುಜು. ಸೊಣ್ಣಪ್ಪ ಆ ರುಜುವನ್ನು ಎರಡು ಸಲ ನೋಡಿದ. ರೇಷ್ಮೆ ಪಂಚೆ ಎತ್ತಿ ಕಟ್ಟಿ ಸುತ್ತು ಶುರು ಮಾಡಿದ. ಮೊದಲನೇ ಸುತ್ತು ಮುಗಿಯಿತು. ಎರಡನೇ ಸುತ್ತಿನಲ್ಲಿ ಮುಂದಿನ ಎಡ ಚಕ್ರದ ಹತ್ತಿರ ನಿಂತ, ಬಗ್ಗಿದ, ಆಮೇಲೆ ಮದುವೆ ಬಟ್ಟೆಯಲ್ಲೇ ಬಸ್ಸಿನ ಕೆಳಗೆ ಅಂಗಾತ ತೂರಿಕೊಂಡ.

ಸ್ಟಿಯರಿಂಗಿನ ಸರಳು ಚಕ್ರಕ್ಕೆ ಸೇರುವ ಕಡೆ ಒಂದು ನಟ್ಟಿತ್ತು. ಅದು ಬಿಚ್ಚಿಕೊಳ್ಳದಂತೆ ತೂತಿನಲ್ಲಿ ಒಂದು ಎರಡು ಕಾಲಿನ ಪಿನ್ನು ತೂರಿಸಿ, ಕಾಲು ಮಡಚಬೇಕು. ಆ ತೂತಿನಲ್ಲಿ ಪಿನ್ನಿರಲಿಲ್ಲ. ಅರಿಶಿನ ಹಚ್ಚಿದ ದಾರವಿತ್ತು.

“ಮುನಿಶಾಮಿ” ಎಂದು ಅವನು ಕೆಳಗಿನಿಂದಲೇ ಡ್ರೈವರನ್ನು ಕರೆದ. “ಇದೇನ್ಲಾ?”

ಮುನಿಶಾಮಿ ಮಂಡಿಯೂರಿ ಇಣುಕಿದ. “ಅದಾ ಅಣ್ಣಾ? ಸೋಮವಾರ ಪಿನ್ನು ಮುರೀತು. ಕೋಲಾರದಾಗೂ ಕೇಳ್ದೆ, ಮಾಲೂರಿಗೂ ಹೇಳಿ ಕಳಿಸ್ದೆ, ಯುದ್ಧದಾಗೆ ಪಿನ್ನು ಎಲ್ಲಿ ಸಿಗ್ತದೆ? ಕುರುಡುಮಲೆಗೋಗಿ ಈ ದಾರಾನ ಗಣಪತಿ ಪಾದದ ಹತ್ರ ಇಟ್ಟು ಪೂಜೆ ಮಾಡಿಸ್ಕೊಂಡು ಬಂದೆ. ಸುಮ್ನೆ ಕಟ್ಟಿಲ್ಲ ಕಣಣ್ಣ, ಮೂರು ಗಂಟು ಹಾಕಿದೀನಿ. ಎರಡು ದಿನದಿಂದ ಅಲ್ಲಾಡಿಲ್ಲ.”

ಸೊಣ್ಣಪ್ಪ ಅವನನ್ನು ಬೈಯಲಿಲ್ಲ. ಪಾಪ, ಅವನು ಸೋಮಾರಿತನದಿಂದ ಮಾಡಿದ್ದಲ್ಲ. ಕುರುಡುಮಲೆಯವರೆಗೆ ನಡೆದು ಹೋಗಿ ಬಂದಿದ್ದ. ಸೊಣ್ಣಪ್ಪ ಹೊರಗೆ ಬಂದು ಬೆನ್ನಿನ ಧೂಳನ್ನೂ ಕೊಡವದೆ, “ಬಸ್ಸು ಹೋಗಲ್ಲ” ಎಂದ.

ಜನರಿಗೆ ಪಿನ್ನಿನ ವಿಷಯ ತಲೆಗೆ ಹೋಗಲೇ ಇಲ್ಲ. ಅವರಿಗೆ ಕಂಡದ್ದು ಒಂದೇ: ಸೊಣ್ಣಪ್ಪ ಒಂದೂವರೆ ಸುತ್ತಿಗೆ ನಿಲ್ಲಿಸಿದ್ದಾನೆ. ಮದುವೆಗೆ ಹೊರಟ ದಿನ ಅರ್ಧ ಪ್ರದಕ್ಷಿಣೆ!

“ಮುಗಿಸ್ಬಿಡು ನಾಯನಾ, ಇನ್ನೊಂದೂವರೆ ಸುತ್ತು ತಾನೇ” ಎಂದು ಚಿಕ್ಕಗಂಗಮ್ಮ ಕಿಟಕಿಯಿಂದ ಗೋಗರೆದಳು. “ನಿಂಗೆ ಕಾಲು ನೋವಿದ್ರೆ ನಾನು ಸುತ್ತುತೀನಿ.”

ಯಜಮಾನರು ಬಂದರು, ಪಿಸುಗುಟ್ಟಿದರು, ಕೈ ಹಿಸುಕಿಕೊಂಡರು. ಇಪ್ಪತ್ತೇ ಮೈಲಿ, ನಿಧಾನಕ್ಕೆ ಹೋಗೋಣ ಎಂದರು. ಕೆರೆ ಏರಿಯ ತಿರುವಿಗೆ ನಿಧಾನ ಗೊತ್ತಾಗಲ್ಲ ಎಂದ ಸೊಣ್ಣಪ್ಪ. ಭಾರತಮ್ಮ ಇಳಿದು ಬಂದು, ಯಾರಿಗೂ ಕಾಣದ ಹಾಗೆ ತನ್ನ ಜಡೆಯಿಂದ ಒಂದು ಹೇರ್‌ಪಿನ್ನು ತೆಗೆದು ಅಪ್ಪನ ಅಂಗೈಯಲ್ಲಿಟ್ಟಳು. ಅವನು ಮಗಳ ಮುಖ ನೋಡಿದ, ಪಿನ್ನು ನೋಡಿದ, ಎರಡು ಬೆರಳಿನಲ್ಲಿ ಹಿಡಿದು ಬಗ್ಗಿಸಿದ. ಬಾಡಿದ ಹೂವಿನ ದಂಟಿನ ಹಾಗೆ ಅದು ಬಗ್ಗಿತು.

“ಸಾಲಲ್ಲ ಕಣಮ್ಮ” ಎಂದ.

ಹನ್ನೊಂದೂಮುಕ್ಕಾಲಾಯಿತು. ರಾಮಚಂದ್ರಪ್ಪ ಬಸ್ಸಿನಿಂದ ಇಳಿದ.

“ಸೊಣ್ಣಪ್ಪ, ನಿಮ್ ಜಾವಾದ ಶಾಸ್ತ್ರ ನಂಗೆ ಗೊತ್ತಿಲ್ಲ. ಹನ್ನೆರಡರೊಳಗೆ ಹೊರಟ್ರೆ ಹೆಣ್ಣು ನಮ್ದು. ಇಲ್ದಿದ್ರೆ ನಾವು ನಡ್ಕೊಂಡು ಹೋಗ್ತೀವಿ, ನೀವು ಬೇರೆ ಸಂಬಂಧ ನೋಡ್ಕೊಳ್ಳಿ.”

ಸೊಣ್ಣಪ್ಪ ಮಗಳ ಕಡೆ ನೋಡಲಿಲ್ಲ. ನೋಡಿದ್ದರೆ ರುಜು ಹಾಕಿಬಿಡುತ್ತಿದ್ದ. ಹದಿನೇಳು ವರ್ಷದ ಮಗಳನ್ನು ಅವನು ಕಂಡದ್ದೇ ಲೆಕ್ಕಕ್ಕೆ ನಾಲ್ಕೈದು ವರ್ಷ. ಅವನ ಬಲಗೈ ಸೊಂಟಕ್ಕೆ ಹೋಗಿತ್ತು. ಆಮೇಲೆ ಊರವರು, ನೆಂಟರು, ಬೀಗರು ಎಲ್ಲರ ಎದುರಿಗೆ ಅವನು ಅಂಗಿ ಎತ್ತಿ ಉಡಿದಾರದ ಗಂಟು ಬಿಚ್ಚತೊಡಗಿದ.

“ಅಯ್ಯೋ, ತಾಯತ” ಎಂದಳು ಆಂಜಿನಮ್ಮ.

“ತಾಯತ ಅಲ್ಲ ಕಣೇ.” ಬಟ್ಟೆಯ ಸುತ್ತು ಬಿಚ್ಚಿದಾಗ ಒಳಗೆ ಒಂದು ಉಕ್ಕಿನ ಪಿನ್ನು ಇತ್ತು. ಎರಡೂ ಕಾಲು ನೆಟ್ಟಗೆ, ಒಂದು ಚೂರೂ ತುಕ್ಕಿಲ್ಲ. “ಪಿನ್ನಿನ ಕಾಲು ಒಂದು ಸಲ ಮಡಚಿದ್ರೆ ಅದನ್ನ ತಿರ್ಗಾ ಹಾಕಬಾರದು. ಇದನ್ನ ಯಾರೂ ಮಡಚಿಲ್ಲ. ಯಾಕಂದ್ರೆ ಹಾಕ್ಲೇ ಇಲ್ಲ. ಹಾಕ್ಬೇಕಾಗಿದ್ದೋನು ನಾನು.”

ಅವನ ದನಿ ಸಣ್ಣಗಿತ್ತು. ಹಿಂದಿನ ಸೀಟಿನವರು ಕಿಟಕಿಗೆ ಬಂದರು.

“ಐದು ವರ್ಷ ಆಯ್ತು. ಆವತ್ತು ಅವಸರ. ನೋಡ್ದೆ ರುಜು ಹಾಕ್ದೆ. ವಿಮಾನ ಹೋಯ್ತು. ಆಮೇಲೆ ಕಸ ಗುಡಿಸೋವಾಗ ನೆಲದ ಮೇಲೆ ಇದು ಸಿಕ್ತು. ಬೆಳಗ್ಗೆ ಎಂಟರಿಂದ ಸಂಜೆ ಐದೂ ಇಪ್ಪತ್ತರವರೆಗೂ ಇದನ್ನ ಕೈಯಾಗೆ ಇಟ್ಕೊಂಡು ಆಕಾಶ ನೋಡ್ಕೊಂಡು ನಿಂತಿದ್ದೆ. ಯಾರಿಗೂ ಹೇಳ್ಲಿಲ್ಲ. ಹೇಳೋಕೆ ಧೈರ್ಯ ಬರ್ಲಿಲ್ಲ.”

“ವಾಪಸ್ ಬಂತಾ?” ಎಂದ ರಾಮಚಂದ್ರಪ್ಪ.

“ಬಂತು. ಹನ್ನೊಂದು ಜನ ನಗ್ತಾ ಇಳಿದ್ರು. ರಾತ್ರೀನೇ ಬೇರೆ ಪಿನ್ನು ಹಾಕ್ದೆ. ಆಗ್ಲೂ ಹೇಳ್ಲಿಲ್ಲ.” ಸೊಣ್ಣಪ್ಪ ಬೀಗನ ಮುಖವನ್ನು ನೇರವಾಗಿ ನೋಡಿದ. “ಒಂದು ದಿನಾನೂ ತಪ್ಪು ಮಾಡ್ದಿರೋ ಕೈ ಅಂತ ನೀವು ಹೆಣ್ಣು ಕೇಳಿದ್ರಿ. ಆ ಕೈ ಇದಲ್ಲ. ಬ್ಯಾಡ ಅಂದ್ರೆ ಈಗ್ಲೇ ಅಂದ್ಬಿಡಿ. ಆದ್ರೆ ಬಸ್ಸು ಮಾತ್ರ ದಾರದ ಮೇಲೆ ಹೋಗಲ್ಲ.”

ಒಲೆಯಲ್ಲಿ ಇದ್ದಿಲು ಚಟಚಟ ಎನ್ನುತ್ತಿತ್ತು. ರಾಮಚಂದ್ರಪ್ಪ ಮೀಸೆಯ ಮೇಲೆ ಕೈಯಿಟ್ಟುಕೊಂಡು ಬಸ್ಸಿನ ಕಡೆ ತಿರುಗಿದ. ಸಾಲುಸಾಲಾಗಿ ಕಿಟಕಿಗಳಲ್ಲಿದ್ದ ಮುಖಗಳನ್ನು, ಅರ್ಧಕ್ಕರ್ಧ ತನ್ನ ಮನೆಯವರೇ, ಒಂದೊಂದಾಗಿ ನೋಡಿದ. ಅವನ ಹೆಂಡತಿ ಇದ್ದಳು, ತಾಯಿ ಇದ್ದಳು, ಮೂರು ತಿಂಗಳ ಮೊಮ್ಮಗು ಇತ್ತು.

“ಅದು ಇದಕ್ಕೆ ಸರಿಹೋಗ್ತದಾ?” ಎಂದ ಕೊನೆಗೆ.

“ಅಳತೆ ನೋಡ್ಬೇಕು.”

“ನೋಡು ಮತ್ತೆ. ಇನ್ನೂ ಹತ್ತು ನಿಮಿಷ ಇದೆ.”

ಸೊಣ್ಣಪ್ಪ ಮತ್ತೆ ಬಸ್ಸಿನ ಕೆಳಗೆ ಹೋದ. ದಾರದ ಮೂರು ಗಂಟನ್ನು ಹಲ್ಲಿನಿಂದಲೇ ಬಿಚ್ಚಬೇಕಾಯಿತು. ಮುನಿಶಾಮಿ ಭಕ್ತಿಯಿಂದ ಬಿಗಿದಿದ್ದ. ಪಿನ್ನು ತೂತಿನೊಳಗೆ ಹೋಯಿತು. ಎರಡೂ ಕಾಲು ಮಡಚಿದ. ಅಲ್ಲಾಡಿಸಿ ನೋಡಿದ, ಮತ್ತೊಮ್ಮೆ ಅಲ್ಲಾಡಿಸಿದ. ಹೊರಗೆ ಬಂದಾಗ ರೇಷ್ಮೆ ಪಂಚೆಯ ಮೇಲೆ ಗ್ರೀಸು, ತುಟಿಯ ಮೇಲೆ ಅರಿಶಿನ.

ಉಳಿದ ಅರ್ಧ ಸುತ್ತನ್ನು ಮುಗಿಸಿ ಪುಸ್ತಕ ತೆಗೆದು ಮೂರನೇ ಸುತ್ತಿಗೆ ಹೊರಟ. ಹಿಂದೆ ಹೆಜ್ಜೆ ಸಪ್ಪಳ ಕೇಳಿ ತಿರುಗಿ ನೋಡಿದರೆ ರಾಮಚಂದ್ರಪ್ಪ ಕೈಮುಗಿದುಕೊಂಡು ಬರುತ್ತಿದ್ದ. ಅವನ ಹಿಂದೆ ಚಿಕ್ಕಗಂಗಮ್ಮ, ಅವಳ ಹಿಂದೆ ಯಜಮಾನರು, ಆಮೇಲೆ ಇಡೀ ದಿಬ್ಬಣ. ಇದು ಪೂಜೆ ಅಲ್ಲ ಎನ್ನಲು ಬಾಯಿ ತೆರೆದವನು ಸುಮ್ಮನಾದ. ‘ಎಡ ರೆಕ್ಕೆ’ ಬಂದಾಗ ಮಾತ್ರ ಅವನು ನಿಂತು ತಲೆಯೆತ್ತಿ ನೋಡಿದ, ಅಷ್ಟೂ ಜನ ನಿಂತು ತಲೆಯೆತ್ತಿ ನೋಡಿದರು. ‘ಇಲ್ಲ’ ಎಂದು ಬರೆದ. ಹನ್ನೆರಡಕ್ಕೆ ಎರಡು ನಿಮಿಷವಿದ್ದಾಗ ರುಜು ಬಿತ್ತು.

ಬಸ್ಸು ಕೆಮ್ಮುತ್ತ ಹೊರಡುವ ಮುಂಚೆ ಮುನಿಶಾಮಿ ಹತ್ತಿರ ಬಂದು, ಕೆಳಗೆ ಬಿದ್ದಿದ್ದ ಅರಿಶಿನದ ದಾರವನ್ನು ಎತ್ತಿ ಒರೆಸಿ, “ಬಿಸಾಕೋಕೆ ಮನಸ್ಸು ಬರಲ್ಲ ಅಣ್ಣಾ” ಎಂದು, ಸೊಣ್ಣಪ್ಪನ ಬರಿದಾಗಿದ್ದ ಉಡಿದಾರಕ್ಕೆ ಕಟ್ಟಿದ. ಮೂರು ಗಂಟು ಹಾಕಿದ. ಸೊಣ್ಣಪ್ಪ ಕಟ್ಟಿಸಿಕೊಂಡ.

ಕೆರೆ ಏರಿಯ ತಿರುವಿನಲ್ಲಿ ಎಡಕ್ಕೆ ನೀರು, ಬಲಕ್ಕೆ ಆಳದಲ್ಲಿ ಗದ್ದೆ. ಮುನಿಶಾಮಿ ಸ್ಟಿಯರಿಂಗ್ ತಿರುಗಿಸಿದ, ಚಕ್ರ ತಿರುಗಿತು, ಬಸ್ಸು ತಿರುಗಿತು. ಒಳಗಿದ್ದವರಿಗೆ ತಿರುವು ಬಂದದ್ದೂ ಗೊತ್ತಾಗಲಿಲ್ಲ. “ನೋಡಿದ್ರಾ, ಕುರುಡುಮಲೆ ದಾರ ಅಂದ್ರೆ ಸುಮ್ನೇನಾ” ಎಂದು ಚಿಕ್ಕಗಂಗಮ್ಮ ಪಕ್ಕದವರಿಗೆ ಹೇಳುತ್ತಿದ್ದಳು, ಅವರು ಹೌದು ಹೌದು ಎನ್ನುತ್ತಿದ್ದರು. ಬೇರೆ ದಿನವಾಗಿದ್ದರೆ ಸೊಣ್ಣಪ್ಪ ಜಗಳಕ್ಕೆ ನಿಲ್ಲುತ್ತಿದ್ದ. ಈಗ ಅಭ್ಯಾಸದಂತೆ ಅವನ ಕೈ ಸೊಂಟಕ್ಕೆ ಹೋಯಿತು. ಐದು ವರ್ಷ ಅಲ್ಲಿ ಚುಚ್ಚುತ್ತಿದ್ದದ್ದು ಇರಲಿಲ್ಲ, ಮೆತ್ತನೆಯ ದಾರ ಸಿಕ್ಕಿತು. ಅವನಿಗೆ ತಡೆಯಲಾಗದಷ್ಟು ಸಂತೋಷವಾಯಿತು. ಮುಂದಿನ ಸೀಟಿನಲ್ಲಿ ಮಗಳು ತಲೆ ತಗ್ಗಿಸಿ ಕೂತಿದ್ದಳು. ಸೊಟ್ಟಗಾಗಿದ್ದ ಹೇರ್‌ಪಿನ್ನನ್ನು ಬೆರಳಿನಲ್ಲಿ ನೆಟ್ಟಗೆ ಮಾಡಿ ಅವನು ಅವಳ ಜಡೆಗೆ ಸಿಕ್ಕಿಸಿದ, ಕೈಯಿಂದ ಮುಟ್ಟಿ ಗಟ್ಟಿಯಾಗಿದೆಯೇ ಎಂದು ನೋಡಿದ.