ಟ್ರೈ ಮಾಡಿದ್ದಾ, ಟ್ರೈ ಆದದ್ದಾ?

ಬೆಂಗಳೂರಿನ ಪತ್ರಿಕೆಯೊಂದರ ಕ್ರೀಡಾಪುಟದಲ್ಲಿ ಹದಿನೆಂಟು ವರ್ಷ ಸವೆದ ಮೇಲೂ ನನಗೆ ‘ಟ್ರೈ’ ಎಂಬ ಪುಟ್ಟ ಪದದ ಅರ್ಥ ಗೊತ್ತಿರಲಿಲ್ಲ. ಅದು ಗೊತ್ತಾದದ್ದು ಅಮೆರಿಕದ ಮಿಲ್ಪಿಟಾಸಿನಲ್ಲಿ, ಒಂದು ಎಲೆಕ್ಟ್ರಾನಿಕ್ಸ್ ಕಂಪನಿಯ ಹಿಂದಿನ ಹುಲ್ಲುಮೈದಾನದಲ್ಲಿ. ನಮ್ಮ ಕಡೆ ಮದುವೆಗೆ ಕರೆದಾಗ ‘ಟ್ರೈ ಮಾಡ್ತೀನಿ’ ಅಂದರೆ ಬರುವುದಿಲ್ಲ ಎಂದೇ ಅರ್ಥ; ಕರೆದವರೂ ಬೇಸರಿಸದೆ ಒಂದು ಎಲೆ ಕಡಿಮೆ ಹಾಕಿಸುತ್ತಾರೆ. ರಗ್ಬಿ ಲೀಗಿನಲ್ಲಿ ಹಾಗಲ್ಲ. ಎದುರಾಳಿಯ ಗೆರೆ ದಾಟಿ ಚೆಂಡನ್ನು ನೆಲಕ್ಕೆ ಒತ್ತಿದರೆ ಅದೇ ಟ್ರೈ. ನಾಲ್ಕು ಅಂಕ.

ಹಿಂದೊಂದು ಕಾಲದಲ್ಲಿ ಗೆರೆ ದಾಟಿದವನಿಗೆ ಅಂಕವೇ ಇರಲಿಲ್ಲವಂತೆ. ಗೋಲಿನತ್ತ ಒದ್ದು ನೋಡುವ ಹಕ್ಕು, ಅಂದರೆ ‘ಟ್ರೈ’ ಮಾಡುವ ಅವಕಾಶ ಮಾತ್ರ ಸಿಗುತ್ತಿತ್ತು. ಬರಬರುತ್ತಾ ಒದೆತಕ್ಕಿಂತ ಅವಕಾಶಕ್ಕೇ ಬೆಲೆ ಹೆಚ್ಚಾಯಿತು. ನಾನು ಅಲ್ಲಿದ್ದ ಆ ಡಾಟ್‌ಕಾಮ್ ವರ್ಷಗಳಲ್ಲಿ ಈ ಇತಿಹಾಸವನ್ನು ಯಾರಿಗೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಸರಕು ಇನ್ನೂ ಹುಟ್ಟಿರದ ಕಂಪನಿಗಳ ಷೇರು, ಹುಟ್ಟಿಸುತ್ತೇವೆ ಎಂಬ ಮಾತಿಗೇ ಏರುತ್ತಿತ್ತು. ಆ ಹುಲ್ಲುಮೈದಾನದಲ್ಲಿ ಆಡುತ್ತಿದ್ದ ನಮ್ಮ ತಂಡಕ್ಕೆ ಜರ್ಸಿ ಕೊಟ್ಟದ್ದೂ ಇಂಟರ್ನೆಟ್ಟಿನಲ್ಲಿ ನಾಯಿ ಬಿಸ್ಕತ್ತು ಮಾರಲಿದ್ದ ಒಂದು ಕಂಪನಿ. ಬಿಸ್ಕತ್ತನ್ನು ಯಾವ ನಾಯಿಯೂ ಕಂಡಿರಲಿಲ್ಲ. ಜರ್ಸಿ ಮಾತ್ರ ಬಹಳ ಚೆನ್ನಾಗಿತ್ತು.

ವಿಶೇಷಣ ಹಚ್ಚದೆ ವರದಿ ಬರೆಯಬಲ್ಲೆ ಎಂಬ ಒಂದೇ ಅರ್ಹತೆಯ ಮೇಲೆ ನಾನು ತಂಡದ ದಾಖಲೆಗಾರನಾದೆ. ಪೂರ್ವ ತೀರದಿಂದ ವಾರಕ್ಕೊಮ್ಮೆ ಈಮೇಲಿನಲ್ಲಿ ಒಂದು ಸುದ್ದಿಹಾಳೆ ಬರುತ್ತಿತ್ತು. ಮೇಲ್ಗಡೆ ಅಮೆರಿಕ ತಂಡದ ಟೆಸ್ಟ್ ಪಂದ್ಯ. ಟೆಸ್ಟ್ ಎಂದಾಕ್ಷಣ ಐದು ದಿನ ರಜೆ ಹಾಕುವ ಯೋಚನೆ ನನ್ನದು. ಇಲ್ಲಿ ಎಂಬತ್ತು ನಿಮಿಷಕ್ಕೇ ಮುಗಿದು ಎಲ್ಲರೂ ಮನೆಗೆ ಹೋಗಿರುತ್ತಿದ್ದರು. ಅದರ ಕೆಳಗೆ ದೊಡ್ಡ ಊರುಗಳ ಕ್ಲಬ್ಬುಗಳು. ತೀರಾ ತಳದಲ್ಲಿ, ಕಾಲುಂಗುರದ ಹಾಗೆ, ನಮ್ಮ ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯ ನಾಲ್ಕು ತಂಡಗಳು: ಪಂದ್ಯಕ್ಕೆ ಎರಡು ಸಾಲು, ಟ್ರೈ ಗಳಿಸಿದವರ ಹೆಸರು.

ಆ ಸಾಲಿನಲ್ಲಿ ಒಮ್ಮೆ ತಮ್ಮ ಹೆಸರು ಬರಬೇಕೆಂಬುದು ನಮ್ಮ ತಂಡದ ವಿಶ್ವನಾಥರ ಆಸೆ. ಸೌತ್ ಸ್ಯಾನ್ ಫ್ರಾನ್ಸಿಸ್ಕೋದ ಲ್ಯಾಬೊಂದರಲ್ಲಿ ಕೆಲಸ, ಮಂಗಳೂರಿನವರು, ಕಾಲೇಜಿನಲ್ಲಿ ಕಬಡ್ಡಿ ಆಡಿದವರು, ಈಗ ನಲವತ್ತರ ಹೊಸ್ತಿಲು. ಮೊಣಕಾಲಿನ ದೆಸೆಯಿಂದ ಈ ಸೀಸನ್ನೇ ಕೊನೆ ಎಂದು ಹೆಂಡತಿ ಶೈಲಾ ತೀರ್ಪು ಕೊಟ್ಟಾಗಿತ್ತು. ಪ್ರತಿ ಶನಿವಾರ ಕೆಸರು ಮೆತ್ತಿಕೊಂಡು ಬಂದ ಗಂಡ ‘ಟ್ರೈ ಮಾಡಿದೆ’ ಎಂದರೆ ಆಕೆ ಬಾಗಿಲಲ್ಲೇ ತಡೆದು ಕೇಳುತ್ತಿದ್ದರಂತೆ: “ಟ್ರೈ ಮಾಡಿದ್ದಾ, ಟ್ರೈ ಆದದ್ದಾ?”

ಆಗುವುದರಲ್ಲೇ ಇತ್ತು ಒಮ್ಮೆ. ಮೂವರು ಜೋತುಬಿದ್ದಿದ್ದರೂ ವಿಶ್ವನಾಥರು ಗೆರೆಯವರೆಗೆ ತೆವಳಿದರು. ಆಮೇಲೆ ಎಷ್ಟೋ ವರ್ಷಗಳ ಕಬಡ್ಡಿ ಎದ್ದು ಬಂತು. ಚೆಂಡನ್ನು ಅಲ್ಲೇ ಬಿಟ್ಟು, ಬರಿಗೈಯನ್ನು ಉದ್ದಕ್ಕೆ ಚಾಚಿ ಗೆರೆ ಮುಟ್ಟಿದರು. ಮುಟ್ಟಿ, ಗೆದ್ದವರ ಮುಖ ಮಾಡಿ ನನ್ನತ್ತ ನೋಡಿದರು. ರೆಫರಿ ಸೀಟಿ ಊದಿ ಚೆಂಡನ್ನು ಎದುರಾಳಿಗೆ ಕೊಟ್ಟ.

ಪಂದ್ಯ ಮುಗಿದದ್ದೇ ನನ್ನ ಬಳಿ ಬಂದರು. “ಲೈನ್ ಮುಟ್ಟಿದ್ದೇನೆ ಮಾರಾಯ್ರೆ, ನೀವೇ ನೋಡಿದ್ದೀರಿ. ಬರೀಲಿಕ್ಕೆ ಎಂತ ಕಷ್ಟ?”

“ಮುಟ್ಟಬೇಕಾದ್ದು ಚೆಂಡು, ವಿಶ್ವಣ್ಣ. ನೀವಲ್ಲ.”

ಅವರು ಮುನಿಸಿಕೊಂಡು ಕಾರು ಹತ್ತಿದರು. ನಾನು ಬರೆಯಲಿಲ್ಲ. ಕಣ್ಣಿಗೆ ಕಂಡದ್ದನ್ನು ಬರಿ, ಕಾಣದ್ದಕ್ಕೆ ಮೂಲ ಹೇಳು ಎಂದು ಡೆಸ್ಕಿನಲ್ಲಿ ಕಲಿತವನು. ಸ್ನೇಹವನ್ನು ಮೂಲ ಎಂದು ಹಾಕಲು ಬರುವುದಿಲ್ಲ.

ಕೊನೆಯ ಪಂದ್ಯ ಬಂತು. ಎದುರು ತಂಡ ನಲವತ್ತಾರು, ನಾವು ಸೊನ್ನೆ. ಅಂಚಿನಲ್ಲಿ ಮಡಚುವ ಕುರ್ಚಿ ಹಾಕಿಕೊಂಡು ಶೈಲಾ, ಗಂಡನ ಮೊಣಕಾಲನ್ನಷ್ಟೇ ನೋಡುತ್ತಿದ್ದರು. ಮುಗಿಯಲು ಎರಡು ನಿಮಿಷ ಇರಬಹುದು, ನಮ್ಮವರಲ್ಲೊಬ್ಬ ಬೇಸತ್ತು ಚೆಂಡನ್ನು ಮುಂದಕ್ಕೆ ಒದ್ದ. ರಗ್ಬಿ ಚೆಂಡು ಗುಂಡಗಿಲ್ಲ, ತೆಂಗಿನಕಾಯಿಯ ಹಾಗೆ. ಎತ್ತ ಪುಟಿಯುತ್ತದೆಂದು ಅದಕ್ಕೇ ಗೊತ್ತಿರುವುದಿಲ್ಲ. ಅದು ಮೂವರು ಬಲಿಷ್ಠರನ್ನು ವಂಚಿಸಿ, ಗೆರೆ ದಾಟಿ, ಕುಂಟುತ್ತಾ ಬರುತ್ತಿದ್ದ ವಿಶ್ವನಾಥರ ಮುಂದೆ ಸುಮ್ಮನೆ ಮಲಗಿತು. ಅವರು ಅದರ ಮೇಲೆ ಬಿದ್ದರು. ಅವರ ಮೇಲೆ ಐದು ಜನ ಬಿದ್ದರು.

ಒಬ್ಬೊಬ್ಬರನ್ನೇ ಎಬ್ಬಿಸಿ ನೋಡಿದರೆ, ಅಡಿಯಲ್ಲಿ ವಿಶ್ವನಾಥರು ಚೆಂಡನ್ನು ಎರಡೂ ಕೈಯಿಂದ ನೆಲಕ್ಕೆ ಅದುಮಿಕೊಂಡು ಕಣ್ಣು ಮುಚ್ಚಿದ್ದರು. ರೆಫರಿ ಟ್ರೈ ಎಂದ. ಅವರು ಬಿಡಲಿಲ್ಲ. ಟ್ರೈ ಆದ ಮೇಲೆ ಗೋಲಿನತ್ತ ಒದೆಯಲು ಆ ಚೆಂಡೇ ಬೇಕಿತ್ತು. ನಾಯಕ ಬಂದು ಕೇಳಿದ, ಆಗಲೂ ಬಿಡಲಿಲ್ಲ. ಕೊನೆಗೆ ಶೈಲಾ ಮೈದಾನದೊಳಗೇ ನಡೆದು ಬಂದು, “ಆಯ್ತು, ಈಗ ಬಿಡಿ” ಎಂದ ಮೇಲೆ ಬೆರಳು ಸಡಿಲವಾದವು. ಒದೆತ ಗುರಿ ತಪ್ಪಿತು. ಯಾರೂ ಗಮನಿಸಲಿಲ್ಲ. ಎದುರು ತಂಡದವರು ಅವರನ್ನು ಹೆಗಲ ಮೇಲೆ ಹೊತ್ತು ಒಂದು ಸುತ್ತು ಬಂದರು.

ಟ್ರೈ ಆದ ನಿಮಿಷವನ್ನು ದಾಖಲೆಗಾರ ಬರೆದುಕೊಂಡಿರಲಿಲ್ಲ. ಪೆನ್ಸಿಲು ಎತ್ತ ಹಾರಿತೆಂದೂ ಅವನಿಗೆ ಗೊತ್ತಿರಲಿಲ್ಲ. ಎದುರು ತಂಡದ ದಾಖಲೆಗಾರ್ತಿಯನ್ನು ಕೇಳಿ ನಿಮಿಷ ಬರೆದುಕೊಂಡೆ.

ಗೆದ್ದವರು ಮೊದಲು, ಅಂಕ ಆಮೇಲೆ, ವಿವರ ಕೊನೆಗೆ: ಇದು ಡೆಸ್ಕಿನ ಕ್ರಮ. ಮನೆಗೆ ಬಂದು ಆ ಎರಡು ಸಾಲನ್ನು ನಾಲ್ಕು ಬಾರಿ ಬರೆದೆ. ಐದನೆಯದನ್ನು ಕಳಿಸಿದೆ, ಕನ್ನಡದಲ್ಲಿ ಹೇಳುವುದಾದರೆ: ‘ವಿಶ್ವನಾಥ ತಮ್ಮ ಮೊದಲ ಟ್ರೈ ಗಳಿಸಿದರು. ನಲವತ್ತಾರು–ನಾಲ್ಕರಿಂದ ಎದುರು ತಂಡವೂ ಗೆದ್ದಿತು.’ ಹೆಸರು ಸರಿ, ಅಂಕ ಸರಿ, ಗೆದ್ದವರು ಸರಿ. ‘ತಂಡವೂ’ ಎಂಬಲ್ಲಿನ ಆ ‘ಊ’ಕಾರಕ್ಕೆ ಮಾತ್ರ ನನ್ನಲ್ಲಿ ಯಾವ ಮೂಲವೂ ಇರಲಿಲ್ಲ. ಸುದ್ದಿಹಾಳೆಯಲ್ಲಿ ಅದು ಹಾಗೇ ಬಂತು. ಗೆದ್ದ ತಂಡದವರಂತೂ ತಿದ್ದುಪಡಿ ಕೇಳಲಿಲ್ಲ.